ಹರಳಿನೊಳಗಿನ ಕ್ರಮವನ್ನು ಎಣಿಸಿದ ಡಾ. ಸೂರಿ ಭಗವಂತಂ

ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಮೈಚಾಚಿರುವ ಕಪ್ಪತಗುಡ್ಡದ ಸಾಲಿನಲ್ಲಿ ಕಬ್ಬಿಣದ ಅಂಶವುಳ್ಳ ಪಟ್ಟೆಪಟ್ಟೆಯ ಶಿಲೆಗಳಿವೆ. ಮಲ್ಲಸಮುದ್ರದ ಶಾಲಾಬಾಲಕನಿಗೂ ಆ ಗುಡ್ಡದ ಕೆಂಪು ಕಲ್ಲು ಅಪರಿಚಿತವಲ್ಲ. ಆ ಕೆಂಪಿಗೆ ಕಾರಣವಾದ ಖನಿಜಕ್ಕೆ ಹೆಮಟೈಟ್ ಎಂದು ಹೆಸರು. ಎರಡು ಕಬ್ಬಿಣದ ಪರಮಾಣುಗಳಿಗೆ ಮೂರು ಆಮ್ಲಜನಕದ ಪರಮಾಣುಗಳು ಎಂಬ ಪ್ರಮಾಣದಲ್ಲಿ ಕೂಡಿ ಆದದ್ದು. ಸಂಡೂರು, ಹೊಸಪೇಟೆಗಳ ಗಣಿಗಳಿಂದ ಉಕ್ಕಿನ ಕಾರ್ಖಾನೆಗಳಿಗೆ ಸಾಗುವ ಅದಿರೂ ಅದೇ. ವಸ್ತ್ರಕ್ಕೆ ಕಾವಿಯ ಬಣ್ಣವನ್ನು ಕೊಡುವ ಮಣ್ಣಿನಲ್ಲಿರುವುದೂ ಅದೇ. ಕಬ್ಬಿಣವೆಂದರೆ ಅಯಸ್ಕಾಂತಕ್ಕೆ ಅಂಟಿಕೊಳ್ಳುವ ವಸ್ತುವೆಂದು ಮಕ್ಕಳೂ ಬಲ್ಲರು. ಆದರೆ ಶುದ್ಧ ಹೆಮಟೈಟಿನ ತುಣುಕೊಂದನ್ನು ಅಯಸ್ಕಾಂತದ ಬಳಿ ಹಿಡಿದರೆ ಅದು ಬಹುಮಟ್ಟಿಗೆ ಉದಾಸೀನವಾಗಿಯೇ ಇರುತ್ತದೆ. ಒಳಗಿನ ಕಬ್ಬಿಣದ ಪರಮಾಣುಗಳೆಲ್ಲವೂ ಕಿರು ಅಯಸ್ಕಾಂತಗಳೇ ಆಗಿದ್ದರೂ, ಅವುಗಳಲ್ಲಿ ಅರ್ಧದಷ್ಟು ಒಂದು ದಿಕ್ಕಿಗೂ ಉಳಿದರ್ಧ ಅದಕ್ಕೆ ವಿರುದ್ಧ ದಿಕ್ಕಿಗೂ ಮುಖಮಾಡಿ ನಿಂತಿರುವುದರಿಂದ ಒಂದರ ಬಲವನ್ನು ಇನ್ನೊಂದು ಅಳಿಸಿಹಾಕುತ್ತದೆ. ಇಂಥ ವಸ್ತುಗಳನ್ನು ವಿಜ್ಞಾನಿಗಳು ಪ್ರತಿಫೆರೋಕಾಂತಗಳೆಂದು ಕರೆಯುತ್ತಾರೆ. ಹೊರಗೆ ಮೌನವಾಗಿರುವ ಇಂಥ ಹರಳಿನೊಳಗೆ ಯಾವ ಗುಣಗಳು ಅಡಗಿರಬಲ್ಲವು, ಯಾವುವು ಎಂದೆಂದಿಗೂ ಇರಲಾರವು ಎಂಬುದನ್ನು ಪ್ರಯೋಗಕ್ಕೆ ಮೊದಲೇ ಎಣಿಸಿ ಹೇಳುವ ವಿದ್ಯೆಯೊಂದಿದೆ. ಆ ವಿದ್ಯೆಯಲ್ಲಿ ಭಾರತೀಯರ ಹೆಸರನ್ನು ನಿಲ್ಲಿಸಿದವರಲ್ಲಿ ಅಗ್ರಗಣ್ಯರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಸೂರಿ ಭಗವಂತಂ ಅವರು.

ಭಗವಂತಂ ಅವರು ಆಂಧ್ರದ ಕೃಷ್ಣಾ ಜಿಲ್ಲೆಯಲ್ಲಿ 1909ರ ಅಕ್ಟೋಬರ್ ತಿಂಗಳಲ್ಲಿ ಜನಿಸಿದರು. ಮುಂದೆ ಅವರು ಚುಕ್ಕಾಣಿ ಹಿಡಿಯಲಿದ್ದ ಬೆಂಗಳೂರಿನ ಸಂಸ್ಥೆ ಹುಟ್ಟಿದ್ದೂ ಅದೇ ವರ್ಷವೆಂಬುದು ಒಂದು ಯೋಗಾಯೋಗ. ಹೈದರಾಬಾದಿನ ನಿಜಾಂ ಕಾಲೇಜಿನಲ್ಲಿ ಪದವಿಯ ವ್ಯಾಸಂಗವನ್ನು ಪೂರೈಸಿದ ತರುಣನಿಗೆ ಆಗ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. 1928ರ ಫೆಬ್ರವರಿ 28ರಂದು ಕಲಕತ್ತೆಯಲ್ಲಿ ಸರ್ ಸಿ. ವಿ. ರಾಮನ್ ಅವರು ತಮ್ಮ ಹೆಸರಿನಿಂದಲೇ ಲೋಕಪ್ರಸಿದ್ಧವಾದ ಪರಿಣಾಮವನ್ನು ಕಂಡುಹಿಡಿದಿದ್ದರು. ಆ ಸುದ್ದಿ ದೇಶದ ಎಷ್ಟೋ ತರುಣರ ಎದೆಯಲ್ಲಿ ಕಿಡಿ ಹೊತ್ತಿಸಿತು. ಭಗವಂತಂ ಅವರು ಅದೇ ವರ್ಷ ಕಲಕತ್ತೆಗೆ ಹೋಗಿ ರಾಮನ್ ಅವರ ಶಿಷ್ಯವೃಂದವನ್ನು ಸೇರಿದರು.

ಗುರುವಿನ ಬಳಿ ಕಳೆದ ವರ್ಷಗಳು ನಾಲ್ಕೇ ಆದರೂ ಫಲಪ್ರದವಾದವು. ವಜ್ರದಿಂದ ಚದರಿದ ಬೆಳಕನ್ನು ಅವರು ಪರೀಕ್ಷಿಸಿದರು. 1931ರಲ್ಲಿ ಗುರುಶಿಷ್ಯರಿಬ್ಬರೂ ಕೂಡಿ, ಬೆಳಕಿನ ಕಣವಾದ ಫೋಟಾನಿಗೆ ತನ್ನದೇ ಆದ ಸ್ವಭ್ರಮಣವುಂಟೆಂಬುದಕ್ಕೆ ಚದರಿದ ಬೆಳಕಿನಿಂದ ದೊರೆತ ಸಾಕ್ಷ್ಯವನ್ನು ಮುಂದಿಟ್ಟರು. ಪರದೇಶದ ವಿದ್ವಾಂಸರು ಆಗ ಇದನ್ನು ಸುಲಭವಾಗಿ ಒಪ್ಪಿಕೊಳ್ಳಲಿಲ್ಲ. ಫೋಟಾನಿಗೆ ಸ್ವಭ್ರಮಣವುಂಟೆಂಬುದಂತೂ ಇಂದು ಪಠ್ಯಪುಸ್ತಕದ ಮಾತಾಗಿದೆ. ರಾಮನ್ ಅವರ ಶಿಷ್ಯರಲ್ಲಿ ಹಲವರು ಉಪಕರಣಗಳಲ್ಲಿ ಪಳಗಿದವರು. ಭಗವಂತಂ ಅವರ ಕೈಯೂ ಉಪಕರಣಕ್ಕೆ ಒಗ್ಗಿತ್ತು. ಆದರೆ ಅವರ ಮನಸ್ಸು ಒಲಿದದ್ದು ಹರಳಿನ ಹೊರರೂಪದ ಹಿಂದಿರುವ ಗಣಿತಕ್ಕೆ.

1932ರಲ್ಲಿ ಅವರು ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯಕ್ಕೆ ಭೌತವಿಜ್ಞಾನದ ಅಧ್ಯಾಪಕರಾಗಿ ಬಂದರು. ಡಾ. ಸರ್ವಪಲ್ಲಿ ರಾಧಾಕೃಷ್ಣನ್ ಅವರು ಆಗ ಅಲ್ಲಿಯ ಕುಲಪತಿಗಳು. ವಿಶ್ವವಿದ್ಯಾಲಯ ಹುಟ್ಟಿ ಆರೇ ವರ್ಷವಾಗಿತ್ತು. ಅದರ ವಿಜ್ಞಾನ ಕಾಲೇಜು ಇಂದಿಗೂ ಜಯಪುರದ ಮಹಾರಾಜ ವಿಕ್ರಮದೇವರ ಹೆಸರನ್ನು ಹೊತ್ತಿದೆ. ದಾನಿಗಳ ಕೊಡುಗೆ ಕಟ್ಟಡದ ಗೋಡೆಗಳಲ್ಲಿ ಮುಗಿಯದೆ ವಿದ್ಯೆಯ ಫಲವಾಗಿ ಹೇಗೆ ಮುಂದುವರಿಯುತ್ತದೆ ಎಂಬುದಕ್ಕೆ ವಾಲ್ಟೇರಿನ ಆ ದಿನಗಳು ಒಳ್ಳೆಯ ನಿದರ್ಶನ. ಕಡಲ ತಡಿಯ ಆ ಊರಿನಲ್ಲಿ ಭಗವಂತಂ ಅವರು ಸುಮಾರು ಒಂದೂವರೆ ದಶಕ ಪಾಠ ಹೇಳಿದರು, ಶಿಷ್ಯರನ್ನು ತಯಾರುಮಾಡಿದರು, ತಮ್ಮ ಮುಖ್ಯ ವಿಷಯವನ್ನೂ ಅಲ್ಲಿಯೇ ಕಂಡುಕೊಂಡರು. 1934ರಲ್ಲಿ ರಾಮನ್ ಅವರು ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದಾಗ ಅದರ ಮೊದಲ ಸದಸ್ಯರ ಸಾಲಿನಲ್ಲಿ ಈ ಇಪ್ಪತ್ತೈದರ ತರುಣನೂ ಇದ್ದರು.

ಅವರ ವಿಷಯವನ್ನು ತಿಳಿಯಬೇಕಾದರೆ ಸಮಮಿತಿ ಎಂಬ ಒಂದು ಶಬ್ದವನ್ನು ತಿಳಿಯಬೇಕು. ಗದಗಿನಿಂದ ಮುಂಡರಗಿಗೆ ಹೋಗುವ ದಾರಿಯಲ್ಲಿ ಡಂಬಳವಿದೆ. ಅಲ್ಲಿಯ ದೊಡ್ಡಬಸಪ್ಪ ದೇವಾಲಯದ ತಲವಿನ್ಯಾಸ 24 ಮೂಲೆಗಳ ನಕ್ಷತ್ರ. ಬಾಗಿಲಿನ ಭಾಗವನ್ನು ಬಿಟ್ಟು ನೋಡಿದರೆ, ಆ ನಕ್ಷತ್ರವನ್ನು 15 ಅಂಶಗಳಷ್ಟು ತಿರುಗಿಸಿದರೂ ತಿರುಗಿಸಿದ ಗುರುತೇ ಸಿಗದು. ಹೀಗೆ ಒಂದು ಕ್ರಿಯೆಯನ್ನು ನಡೆಸಿದ ಮೇಲೂ ವಸ್ತು ಮೊದಲಿನಂತೆಯೇ ಕಂಡರೆ, ಆ ಕ್ರಿಯೆಯು ಆ ವಸ್ತುವಿನ ಸಮಮಿತಿ ಎನಿಸುತ್ತದೆ. ಶಿಲ್ಪಿಗೆ 24 ಮೂಲೆಗಳನ್ನು ಕಡೆಯುವ ಸ್ವಾತಂತ್ರ್ಯವಿದೆ. ನಿಸರ್ಗದ ಹರಳಿಗೆ ಆ ಸ್ವಾತಂತ್ರ್ಯವಿಲ್ಲ. ಹರಳಿನಲ್ಲಿ ಪರಮಾಣುಗಳ ಒಂದೇ ಅಚ್ಚು ನೆಲಕ್ಕೆ ಹಾಸಿದ ಬಿಲ್ಲೆಗಳಂತೆ ಸಂದಿಲ್ಲದೆ ಮರುಕಳಿಸುತ್ತ ಹೋಗಬೇಕು. ಆರು ಮೂಲೆಯ ಬಿಲ್ಲೆಗಳು ನೆಲವನ್ನು ತುಂಬುತ್ತವೆ, ಸಮಭುಜದ ಐದು ಮೂಲೆಯವು ತುಂಬಲಾರವು. ಆದಕಾರಣ ಇಂಥ ಹರಳುಗಳಲ್ಲಿ 2, 3, 4, 6 ಮಡಿಯ ಸುತ್ತುಗಳಿಗೆ ಮಾತ್ರ ಅವಕಾಶ. ಇವುಗಳೊಡನೆ ಕನ್ನಡಿಯ ಪ್ರತಿಬಿಂಬವನ್ನೂ, ಕೇಂದ್ರದ ಮೂಲಕ ಎದುರು ಬದಿಗೆ ಸ್ಥಾನಪಲ್ಲಟ ಮಾಡುವ ವಿಲೋಮವನ್ನೂ ಕೂಡಿಸಿ ಲೆಕ್ಕಹಾಕಿದರೆ ಹರಳುಗಳ ವರ್ಗಗಳು ಒಟ್ಟು 32. ಇದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಯುರೋಪಿನ ಪಂಡಿತರು ಎಣಿಸಿದ್ದರು. ಹರಳಿನ ಯಾವ ಭೌತಗುಣವೂ ಅದರ ವರ್ಗದ ಸಮಮಿತಿಯನ್ನು ಮೀರಲಾರದು ಎಂಬ ನಿಯಮವನ್ನು ಜರ್ಮನಿಯ ನ್ಯೂಮನ್ ಎಂಬವರು ಕೊಟ್ಟಿದ್ದರು. ಭಗವಂತಂ ಅವರ ಜೀವಮಾನದ ಕೆಲಸವೆಲ್ಲ ಈ ಒಂದು ನಿಯಮದ ಬೆಳಕಿನಲ್ಲಿ ನಡೆದದ್ದು.

ಗ್ರೂಪ್ ಸಿದ್ಧಾಂತವೆಂಬ ಗಣಿತಶಾಖೆಯನ್ನು ಅವರು ಈ ಕೆಲಸಕ್ಕೆ ಹೂಡಿದರು. ವಿಶ್ವವಿದ್ಯಾಲಯದ ಗಣಿತಜ್ಞರಾದ ಟಿ. ವೆಂಕಟರಾಯುಡು ಅವರ ಜೊತೆಗೂಡಿ, ಹರಳಿನಲ್ಲಿ ಪರಮಾಣುಗಳು ಎಷ್ಟು ಬಗೆಯಾಗಿ ಕಂಪಿಸಬಲ್ಲವು, ಅವುಗಳಲ್ಲಿ ಎಷ್ಟು ರಾಮನ್ ರೋಹಿತದಲ್ಲಿ ಗೆರೆಗಳಾಗಿ ಕಾಣಬಲ್ಲವು ಎಂಬುದನ್ನು ಸಮಮಿತಿಯೊಂದರಿಂದಲೇ ಎಣಿಸುವ ಕ್ರಮವನ್ನು 1939ರಲ್ಲಿ ಪ್ರಕಟಿಸಿದರು. ರೋಹಿತಶಾಸ್ತ್ರಜ್ಞರು ಇಂದಿಗೂ ಈ ಇಬ್ಬರ ಹೆಸರಿನಲ್ಲಿಯೇ ಆ ಕ್ರಮವನ್ನು ಕರೆಯುವುದುಂಟು. ಇಬ್ಬರೂ ಕೂಡಿ ಬರೆದ ಗ್ರೂಪ್ ಸಿದ್ಧಾಂತದ ಗ್ರಂಥವನ್ನು 1948ರಲ್ಲಿ ಆಂಧ್ರ ವಿಶ್ವವಿದ್ಯಾಲಯ ಪ್ರಕಟಿಸಿತು. ಹನ್ನೊಂದು ವರ್ಷಗಳ ತರುವಾಯ ಅದು ಮಾಸ್ಕೋದಲ್ಲಿ ರಷ್ಯನ್ ಭಾಷೆಗೆ ಅನುವಾದವಾಗಿ ಹೊರಬಂದಿತು. ಸಮಮಿತಿಯ ಶಾಸ್ತ್ರದಲ್ಲಿ ಆ ಕಾಲದ ರಷ್ಯನ್ನರು ಜಗತ್ತಿಗೇ ಮುಂದಾಗಿದ್ದರೆಂಬುದನ್ನು ನೆನೆದರೆ ಈ ಅನುವಾದದ ಬೆಲೆ ಅರಿವಾಗುತ್ತದೆ.

ಅವರ ಎಣಿಕೆಯ ನಿಷ್ಠುರತೆಗೆ 1942ರ ಒಂದು ಪ್ರಸಂಗ ಸಾಕ್ಷಿಯಾಗಿದೆ. ಪಾರದರ್ಶಕವಾದ ಹರಳನ್ನು ಒತ್ತಿದಾಗ ಅದರೊಳಗೆ ಬೆಳಕಿನ ನಡೆ ದಿಕ್ಕಿನಿಂದ ದಿಕ್ಕಿಗೆ ಬದಲಾಗುತ್ತದೆ. ಈ ಬದಲಾವಣೆಯನ್ನು ವಿವರಿಸಲು ಯಾವ ವರ್ಗದ ಹರಳಿಗೆ ಎಷ್ಟು ಗುಣಾಂಕಗಳು ಬೇಕೆಂದು ಜರ್ಮನಿಯ ಪೊಕೆಲ್ಸ್ ಎಂಬ ದೊಡ್ಡ ವಿದ್ವಾಂಸರು ಹಿಂದಿನ ಶತಮಾನದ ಕೊನೆಯಲ್ಲಿಯೇ ಪಟ್ಟಿಮಾಡಿದ್ದರು. ಘನಾಕೃತಿಯ ಹರಳುಗಳೆಲ್ಲಕ್ಕೂ ಮೂರು ಸಾಕೆಂಬುದು ಅವರ ಲೆಕ್ಕ. ಅರ್ಧ ಶತಮಾನದ ಕಾಲ ಅದನ್ನು ಯಾರೂ ಪ್ರಶ್ನಿಸಲಿಲ್ಲ. ಭಗವಂತಂ ಅವರು ಗ್ರೂಪ್ ಸಿದ್ಧಾಂತದಿಂದ ಮತ್ತೆ ಎಣಿಸಿದರು. ಘನಾಕೃತಿಯ ಐದು ವರ್ಗಗಳಲ್ಲಿ ಎರಡಕ್ಕೆ ಮೂರು ಸಾಲವು, ನಾಲ್ಕು ಬೇಕು ಎಂದು ಬಂದಿತು. ಬೇರಿಯಂ ನೈಟ್ರೇಟ್ ಆ ಬಗೆಯ ಹರಳು. ಅದರ ಮೇಲೆ ನಡೆಸಿದ ಅಳತೆಯಲ್ಲಿ ಪೊಕೆಲ್ಸರು ಸಮವೆಂದು ಹಿಡಿದಿದ್ದ ಎರಡು ಗುಣಾಂಕಗಳು ಬೇರೆ ಬೇರೆಯಾಗಿಯೇ ಕಂಡವು. ಮೂರಕ್ಕೆ ಬದಲು ನಾಲ್ಕು ಎಂಬುದು ಹೊರಗಿನವರಿಗೆ ಅಲ್ಪ ವಿಷಯವೆನಿಸಬಹುದು. ಆದರೆ ಪ್ರಮಾಣಗ್ರಂಥವೆಂದು ಎಲ್ಲರೂ ಕಣ್ಣುಮುಚ್ಚಿ ನಂಬಿದ ಪಟ್ಟಿಯನ್ನು ಮೊದಲಿನಿಂದ ಎಣಿಸಿ ನೋಡುವ ಧೈರ್ಯ ಅಲ್ಪವಾದುದಲ್ಲ.

ಸ್ವಾತಂತ್ರ್ಯಾನಂತರ ದೇಶದ ಕರೆ ಬಂದಿತು. 1948ರಿಂದ ಸ್ವಲ್ಪಕಾಲ ಲಂಡನ್ನಿನ ಭಾರತೀಯ ಹೈಕಮಿಷನ್ನಿನಲ್ಲಿ ವೈಜ್ಞಾನಿಕ ಸಂಪರ್ಕಾಧಿಕಾರಿಯಾಗಿದ್ದರು. ಹಿಂದಿರುಗಿದ ಮೇಲೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, 1952ರಿಂದ ಅಲ್ಲಿಯ ಕುಲಪತಿಗಳಾಗಿ ದುಡಿದರು. 1957ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು.

ಬೆಂಗಳೂರಿಗರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಹೆಸರಾದ ಆ ಸಂಸ್ಥೆ ಜಮ್‌ಶೇಟ್‌ಜಿ ಟಾಟಾ ಅವರ ದಾನದಿಂದ ಹುಟ್ಟಿದ್ದು. ಅದರ ನೆಲ, ಸುಮಾರು 371 ಎಕರೆ, ಮೈಸೂರು ಅರಸು ಮನೆತನ ಕೊಟ್ಟದ್ದು. ದಾನಿಯಾದ ಟಾಟಾ ಅವರು 1904ರಲ್ಲಿಯೇ ತೀರಿಕೊಂಡು, ತಮ್ಮ ಸಂಕಲ್ಪ ಕಟ್ಟಡವಾಗಿ ಏಳುವುದನ್ನು ಕಾಣಲಿಲ್ಲ. ಗುರುಗಳಾದ ರಾಮನ್ ಅವರು 1933ರಲ್ಲಿ ಇದೇ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿದ್ದರು. ಆ ಪೀಠದಲ್ಲಿ ಈಗ ಶಿಷ್ಯರು ಕುಳಿತರು. ಗುರುಗಳಾದರೋ ಅನತಿದೂರದ ತಮ್ಮ ಸ್ವಂತ ಸಂಶೋಧನಾಲಯದಲ್ಲಿ ಹರಳುಗಳ ಅಧ್ಯಯನದಲ್ಲಿ ನಿರತರಾಗಿದ್ದರು. 1958ರಲ್ಲಿ ಸಂಸ್ಥೆಗೆ ವಿಶ್ವವಿದ್ಯಾಲಯಕ್ಕೆ ಸಮಾನವಾದ ಸ್ಥಾನ ದೊರೆತದ್ದೂ, 1959ರಲ್ಲಿ ಅದಕ್ಕೆ ಐವತ್ತು ತುಂಬಿದ್ದೂ ಭಗವಂತಂ ಅವರ ಕಾಲದಲ್ಲಿ.

ಇದೇ ವರ್ಷಗಳಲ್ಲಿ ದೂರದ ಮಾಸ್ಕೋದಲ್ಲಿ ಹರಳುಗಳ ಶಾಸ್ತ್ರಕ್ಕೆ ಹೊಸದೊಂದು ಬಾಗಿಲು ತೆರೆದುಕೊಳ್ಳುತ್ತಿತ್ತು. ಅದರ ಹಿಂದಿನ ಕಥೆ ಹಳೆಯದು. ಫ್ರಾನ್ಸಿನ ಪಿಯರ್ ಕ್ಯೂರಿ ಅವರು, ರೇಡಿಯಂ ಶೋಧಕ್ಕೆ ಮುಂಚೆಯೇ, 1894ರಲ್ಲಿ ಸಮಮಿತಿಯ ಬಗ್ಗೆ ಬರೆಯುತ್ತ ಒಂದು ಸಾಧ್ಯತೆಯನ್ನು ಸೂಚಿಸಿದ್ದರು. ಕೆಲವು ಹರಳುಗಳನ್ನು ವಿದ್ಯುತ್ ಕ್ಷೇತ್ರದಲ್ಲಿಟ್ಟರೆ ಅವು ಅಯಸ್ಕಾಂತದ ಗುಣವನ್ನು ತಳೆಯಬಹುದು, ಕಾಂತಕ್ಷೇತ್ರದಲ್ಲಿಟ್ಟರೆ ವಿದ್ಯುದ್ಧ್ರುವಗಳನ್ನು ತಳೆಯಬಹುದು ಎಂಬುದೇ ಆ ಸೂಚನೆ. ಶಾಲೆಯಲ್ಲಿ ಕಲಿಸುವ ವಿದ್ಯುತ್ಕಾಂತಕ್ಕೂ ಇದಕ್ಕೂ ಭೇದವಿದೆ. ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿಯಬೇಕು, ಡೈನಮೋದಲ್ಲಿ ಅಯಸ್ಕಾಂತ ತಿರುಗಬೇಕು. ಇಲ್ಲಿ ಹರಿಯುವುದೂ ಇಲ್ಲ, ತಿರುಗುವುದೂ ಇಲ್ಲ. ಸ್ಥಿರವಾದ ಕ್ಷೇತ್ರದಲ್ಲಿ ನಿಶ್ಚಲವಾದ ಹರಳು ತಾನೇ ಒಂದನ್ನು ಇನ್ನೊಂದಾಗಿ ತೋರಿಸಬೇಕು. ಇದಕ್ಕೆ ಕಾಂತವಿದ್ಯುತ್ ಪರಿಣಾಮವೆಂದು ಹೆಸರಾಯಿತು. ಕ್ಯೂರಿ 1906ರಲ್ಲಿ ಪ್ಯಾರಿಸ್ಸಿನ ಬೀದಿಯಲ್ಲಿ ಗಾಡಿಯಡಿ ಸಿಕ್ಕಿ ಮಡಿದರು. ಅನಂತರ ಅರ್ಧ ಶತಮಾನ ಕಳೆದರೂ ಅವರ ಸೂಚನೆ ಸೂಚನೆಯಾಗಿಯೇ ಉಳಿಯಿತು.

ತೊಡಕು ಎಲ್ಲಿತ್ತೆಂದರೆ, ಹಳೆಯ 32 ವರ್ಗಗಳಲ್ಲಿ ಪರಮಾಣುವಿನ ಸ್ಥಾನಕ್ಕೆ ಲೆಕ್ಕವಿತ್ತೇ ಹೊರತು ಅದರ ಕಿರು ಅಯಸ್ಕಾಂತದ ದಿಕ್ಕಿಗೆ ಲೆಕ್ಕವಿರಲಿಲ್ಲ. ಪರಮಾಣುವಿನ ಕಾಂತತೆಯನ್ನು ಸುತ್ತುವ ವಿದ್ಯುತ್ತೆಂದು ಭಾವಿಸಿದರೆ, ಕಾಲವನ್ನು ಹಿಂದಕ್ಕೆ ಓಡಿಸಿದಾಗ ಆ ಸುತ್ತು ತಿರುವುಮುರುವಾಗಿ, ಉತ್ತರಧ್ರುವ ದಕ್ಷಿಣಧ್ರುವವಾಗುತ್ತದೆ. ಆದಕಾರಣ ಕಾಲವನ್ನು ತಿರುಗಿಸುವುದೂ ಸಮಮಿತಿಯ ಕ್ರಿಯೆಗಳಲ್ಲಿ ಒಂದಾಗಿ ಸೇರಬೇಕು. ಬೆಟಗೇರಿಯ ಮಗ್ಗದಲ್ಲಿ ಕಪ್ಪು ಬಿಳಿ ಚೌಕಡಿಯ ಬಟ್ಟೆಯನ್ನು ನೇಯ್ದರೆಂದುಕೊಳ್ಳೋಣ. ಬಟ್ಟೆಯನ್ನು ಒಂದು ಚೌಕದಷ್ಟು ಸರಿಸಿದರೆ ಕಪ್ಪಿನ ಮೇಲೆ ಬಿಳುಪು ಬಂದು ವಿನ್ಯಾಸ ಕೆಡುತ್ತದೆ. ಸರಿಸಿದ ಮೇಲೆ ಕಪ್ಪನ್ನು ಬಿಳುಪಾಗಿಯೂ ಬಿಳುಪನ್ನು ಕಪ್ಪಾಗಿಯೂ ಬದಲಾಯಿಸಿದರೆ ಮೊದಲಿನ ಬಟ್ಟೆಯೇ ಮರಳಿ ದೊರೆಯುತ್ತದೆ. ಬಣ್ಣದ ಈ ಅದಲುಬದಲೇ ಕಾಂತದ ಹರಳಿನಲ್ಲಿ ಕಾಲದ ತಿರುವು. ರಷ್ಯದ ಶುಬ್ನಿಕೋವ್ ಅವರು 1951ರಲ್ಲಿ ಈ ಎರಡು ಬಣ್ಣದ ಸಮಮಿತಿಯನ್ನು ವ್ಯವಸ್ಥಿತವಾಗಿ ನಿರೂಪಿಸಿದರು. ಹೀಗೆ ಎಣಿಸಿದಾಗ 32 ವರ್ಗಗಳು 122 ಆಗುತ್ತವೆ. ಅವುಗಳಲ್ಲಿ 32 ವರ್ಗಗಳಲ್ಲಿ ಕಪ್ಪು ಬಿಳುಪಿನ ಭೇದವೇ ಇಲ್ಲವಾದ್ದರಿಂದ, ಕಾಂತಕ್ರಮವುಳ್ಳ ಹರಳುಗಳ ಪಾಲಿಗೆ ಉಳಿಯುವುವು 90.

ಕಿರು ಅಯಸ್ಕಾಂತಗಳು ಹರಳಿನೊಳಗೆ ನಿಂತಿರುವ ಬಗೆಯನ್ನು ಕಣ್ಣಾರೆ ಕಂಡಂತೆ ತಿಳಿಯುವ ಸಾಧನವೂ ಆ ಹೊತ್ತಿಗೆ ಒದಗಿತ್ತು. ಅಮೆರಿಕದ ಶಲ್ ಮತ್ತು ಅವರ ಸಹೋದ್ಯೋಗಿಗಳು ನ್ಯೂಟ್ರಾನ್ ಕಿರಣಗಳನ್ನು ಹಾಯಿಸಿ, 1951ರಲ್ಲಿ ಹೆಮಟೈಟ್ ಸೇರಿದಂತೆ ಹಲವು ವಸ್ತುಗಳ ಒಳಕ್ರಮವನ್ನು ಬಿಡಿಸಿ ತೋರಿಸಿದರು. ಹೆಮಟೈಟಿನ ಮೂಲ ಅಚ್ಚಿನಲ್ಲಿ ಒಂದು ಅಕ್ಷದ ಮೇಲೆ ನಾಲ್ಕು ಕಬ್ಬಿಣದ ಪರಮಾಣುಗಳು ಸಾಲಾಗಿವೆ. ಕ್ರೋಮಿಯಂ ಆಕ್ಸೈಡ್ ಎಂಬ ಹಸುರು ವಸ್ತುವಿನಲ್ಲಿಯೂ ಅದೇ ಅಚ್ಚು, ಕಬ್ಬಿಣದ ಸ್ಥಾನದಲ್ಲಿ ಕ್ರೋಮಿಯಂ. ಎರಡೂ ಪ್ರತಿಫೆರೋಕಾಂತಗಳೇ. ಆದರೆ ಕಬ್ಬಿಣದ ನಾಲ್ಕು ಪರಮಾಣುಗಳು ಒಂದು ಕಡೆ, ಎದುರು ಕಡೆ, ಎದುರು ಕಡೆ, ಮತ್ತೆ ಮೊದಲ ಕಡೆ ಎಂದು ಮುಖಮಾಡಿವೆ. ಕ್ರೋಮಿಯಂ ಪರಮಾಣುಗಳಾದರೋ ಒಂದು ಬಿಟ್ಟು ಒಂದು ಎದುರುಬದುರಾಗಿವೆ.

ಈ ಕಿಂಚಿತ್ ವ್ಯತ್ಯಾಸದಲ್ಲಿಯೇ ಎಲ್ಲವೂ ಅಡಗಿದೆ. ವಿಲೋಮಕ್ರಿಯೆಯು ಒಂದನೆಯ ಪರಮಾಣುವನ್ನು ನಾಲ್ಕನೆಯದರ ಸ್ಥಾನಕ್ಕೂ ಎರಡನೆಯದನ್ನು ಮೂರನೆಯದರ ಸ್ಥಾನಕ್ಕೂ ಒಯ್ಯುತ್ತದೆ. ಕಾಂತದ ದಿಕ್ಕನ್ನು ಮಾತ್ರ ಅದು ಬದಲಿಸದು. ಹೆಮಟೈಟಿನಲ್ಲಿ ಒಂದು ಮತ್ತು ನಾಲ್ಕು ಒಂದೇ ಕಡೆಗಿರುವುದರಿಂದ ಹರಳು ಮೊದಲಿನಂತೆಯೇ ಉಳಿಯುತ್ತದೆ, ಅಂದರೆ ವಿಲೋಮ ಅದರ ಸಮಮಿತಿ. ವಿಲೋಮದಿಂದ ವಿದ್ಯುತ್ ಕ್ಷೇತ್ರ ದಿಕ್ಕು ಬದಲಿಸುತ್ತದೆ, ಕಾಂತತೆ ಬದಲಿಸದು. ಆದುದರಿಂದ ಇವೆರಡರ ನಡುವೆ ನೇರವಾದ ಅನುಪಾತ ಅಲ್ಲಿ ಅಸಾಧ್ಯ. ಕ್ರೋಮಿಯಂ ಆಕ್ಸೈಡಿನಲ್ಲಿ ವಿಲೋಮವೊಂದೇ ಸಾಲದು, ಜೊತೆಗೆ ಕಾಲದ ತಿರುವೂ ಬೇಕು. ಎರಡೂ ಕೂಡಿದಾಗ ವಿದ್ಯುತ್ ಕ್ಷೇತ್ರವೂ ಕಾಂತತೆಯೂ ಒಟ್ಟಿಗೇ ದಿಕ್ಕು ಬದಲಿಸುತ್ತವೆ, ಅನುಪಾತ ಉಳಿಯುತ್ತದೆ. ಹೀಗೆ ಒಂದೇ ಅಚ್ಚಿನ ಎರಡು ಹರಳುಗಳಲ್ಲಿ ಕೆಂಪು ಹರಳಿಗೆ ಆ ಗುಣವಿಲ್ಲ, ಹಸುರು ಹರಳಿಗೆ ಉಂಟು. ರಷ್ಯದ ಜ್ಯಾಲೊಶಿನ್‌ಸ್ಕಿ ಅವರು 1959ರಲ್ಲಿ ಇದನ್ನು ಕಾಗದದ ಮೇಲೆ ಹೇಳಿದರು. ಮರುವರ್ಷವೇ ಆಸ್ತ್ರೊವ್ ಎಂಬವರು ಪ್ರಯೋಗದಲ್ಲಿ ಕಂಡರು. ಇನ್ನೂ ಒಂದು ಸ್ವಾರಸ್ಯವಿದೆ. ಹಸುರು ಹರಳಿನ ಈ ಗುಣ ಸುಮಾರು 34 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅಳಿದುಹೋಗುತ್ತದೆ. ಗದಗಿನ ಏಪ್ರಿಲ್ ತಿಂಗಳ ಮಧ್ಯಾಹ್ನದಲ್ಲಿ ಅದನ್ನು ತೋರಿಸಬೇಕಾದರೆ ಹರಳನ್ನು ತಂಪಾಗಿಡಬೇಕಾದೀತು.

ಕೆಂಪು ಹರಳೂ ತೀರ ಬರಿಗೈಯದಲ್ಲ. ಅದರ ಕಾಂತಕ್ರಮ ಸುಮಾರು 680 ಡಿಗ್ರಿಯವರೆಗೆ ನಿಲ್ಲುವಷ್ಟು ಗಟ್ಟಿ. ಸೊನ್ನೆಗಿಂತ ಸುಮಾರು 13 ಡಿಗ್ರಿ ಕೆಳಗಿನಿಂದ ಮೇಲಕ್ಕೆ ಅದರ ಕಿರು ಅಯಸ್ಕಾಂತಗಳು ತುಸು ಓರೆಯಾಗಿ, ಪೂರ್ಣವಾಗಿ ರದ್ದಾಗದೆ, ಕ್ಷೀಣವಾದ ಕಾಂತತೆಯನ್ನು ಉಳಿಸುತ್ತವೆ. ಅದಕ್ಕೂ ಕಾರಣ ಸಮಮಿತಿಯೇ ಎಂದು ತೋರಿಸಿದವರು ಅದೇ ಜ್ಯಾಲೊಶಿನ್‌ಸ್ಕಿ.

ಭಗವಂತಂ ಅವರು ಈ ಕ್ಷೇತ್ರಕ್ಕೆ ಬಂದದ್ದು ರಷ್ಯನ್ನರ ತರುವಾಯ. ಮೊದಲ ಹೆಜ್ಜೆಯ ಕೀರ್ತಿಯನ್ನು ಅವರಿಗೆ ಆರೋಪಿಸುವುದು ಸತ್ಯಕ್ಕೂ ಸಲ್ಲದು, ಅವರ ಗೌರವಕ್ಕೂ ಬೇಡ. ಒಂದೊಂದು ಹರಳನ್ನು ಬಿಡಿಬಿಡಿಯಾಗಿ ನೋಡುವ ಬದಲು, ಕಾಂತಕ್ರಮವುಳ್ಳ ಎಲ್ಲ 90 ವರ್ಗಗಳನ್ನೂ ಸಾಲಾಗಿ ತೆಗೆದುಕೊಂಡು, ಪ್ರತಿಯೊಂದರಲ್ಲಿಯೂ ಯಾವ ಗುಣಕ್ಕೆ ಎಷ್ಟು ಸ್ವತಂತ್ರ ಗುಣಾಂಕಗಳಿವೆ ಎಂಬುದನ್ನು ವಾಲ್ಟೇರಿನ ದಿನಗಳ ತಮ್ಮದೇ ಗ್ರೂಪ್ ಕ್ರಮದಿಂದ ಎಣಿಸಿದ್ದು ಅವರ ಕೆಲಸ. ಪಿ. ವಿ. ಪಂತುಲು ಅವರ ಜೊತೆಗೂಡಿ ಬರೆದ ಈ ಪ್ರಬಂಧ 1964ರಲ್ಲಿ ಬೆಂಗಳೂರಿನ ಅಕಾಡೆಮಿಯ ಪತ್ರಿಕೆಯಲ್ಲಿಯೇ ಅಚ್ಚಾಯಿತು. ಅದೇ ವರ್ಷ ಬಿರ್ಸ್ ಅವರ ಗ್ರಂಥವೂ ಇದೇ ವಿಷಯದ ಮೇಲೆ ಹೊರಬಂದಿತು. ಇಂದು ಒಪ್ಪಿತವಾದ ಲೆಕ್ಕದಂತೆ 122 ವರ್ಗಗಳಲ್ಲಿ ನೇರವಾದ ಕಾಂತವಿದ್ಯುತ್ ಪರಿಣಾಮಕ್ಕೆ 58ರಲ್ಲಿ ಮಾತ್ರ ಅವಕಾಶ. ಒತ್ತಡದಿಂದ ಕಾಂತತೆ ಹುಟ್ಟುವುದಕ್ಕೆ 66ರಲ್ಲಿ. ತಾನಾಗಿ ಅಯಸ್ಕಾಂತವಾಗಿರುವುದಕ್ಕೆ 31ರಲ್ಲಿ.

ಈ ಬಗೆಯ ಕೋಷ್ಟಕಗಳನ್ನು ನೋಡಿದವರಿಗೆ ಇದು ವಿಜ್ಞಾನವೋ ಲೆಕ್ಕಪತ್ರವೋ ಎಂಬ ಅನುಮಾನ ಬಂದರೆ ಆಶ್ಚರ್ಯವಿಲ್ಲ. ಪುಟತುಂಬ ಅಂಕಿಗಳು, ನಡುನಡುವೆ ಸೊನ್ನೆಗಳು. ಆದರೆ ಆ ಸೊನ್ನೆಗಳೇ ಬೆಲೆಯುಳ್ಳವು. ಹೆಮಟೈಟಿನಲ್ಲಿ ನೇರವಾದ ಕಾಂತವಿದ್ಯುತ್ ಪರಿಣಾಮವನ್ನು ಅಳೆಯಲು ಒಬ್ಬ ಸಂಶೋಧಕ ಹತ್ತು ವರ್ಷ ಹೆಣಗಿ ಏನೂ ಸಿಗದೆ ಹೋದರೆ, ಉಪಕರಣ ಸಾಲದೆಂದೋ ಹರಳು ಅಶುದ್ಧವೆಂದೋ ಭಾವಿಸಿ ಇನ್ನೂ ಹತ್ತು ವರ್ಷ ಹೆಣಗಬಹುದು. ಕೋಷ್ಟಕದ ಒಂದು ಸೊನ್ನೆ ಅವನನ್ನು ಮೊದಲ ದಿನವೇ ಬೇರೆ ಹರಳಿನತ್ತ ಕಳುಹಿಸುತ್ತದೆ. ಬಡರಾಷ್ಟ್ರದ ಪ್ರಯೋಗಶಾಲೆಗೆ ಇಂಥ ಉಳಿತಾಯ ಸಣ್ಣದಲ್ಲ. ಮಿತಿಯನ್ನೂ ಹೇಳಲೇಬೇಕು: ಸಮಮಿತಿಯು ಒಂದು ಗುಣ ಇರಬಹುದೆಂದು ಹೇಳಬಲ್ಲದು, ಎಷ್ಟಿದೆ ಎಂದು ಹೇಳಲಾರದು. ಅವಕಾಶವಿದ್ದೂ ಅಳತೆಗೆ ಸಿಗದಷ್ಟು ಅಲ್ಪವಾಗಿರುವ ಹರಳುಗಳು ಎಷ್ಟೋ ಇವೆ.

ಈ ಪ್ರಬಂಧ ಹೊರಬಂದ ಕಾಲವನ್ನು ಗಮನಿಸಬೇಕು. 1961ರಲ್ಲಿ ಭಗವಂತಂ ಅವರು ಡಾ. ಡಿ. ಎಸ್. ಕೊಠಾರಿ ಅವರ ತರುವಾಯ ರಕ್ಷಣಾ ಸಚಿವರ ವೈಜ್ಞಾನಿಕ ಸಲಹೆಗಾರರಾಗಿ ನೇಮಕಗೊಂಡಿದ್ದರು. ಮರುವರ್ಷ ಬೆಂಗಳೂರಿನ ನಿರ್ದೇಶಕ ಸ್ಥಾನವನ್ನು ತೊರೆದರು. ಅದು ಮುಂದೆ ಸತೀಶ್ ಧವನ್ ಅವರ ಪಾಲಿಗೆ ಬಂದಿತು. 1962ರ ಅಕ್ಟೋಬರಿನಲ್ಲಿ ಚೀನಾ ಆಕ್ರಮಣ, 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ. ರಕ್ಷಣಾ ಸಂಶೋಧನೆಯ ಸಂಘಟನೆ ಸ್ಥಾಪನೆಯಾಗಿ ಕೆಲವೇ ವರ್ಷಗಳಾಗಿದ್ದವು. ಅದರ ಹೊಣೆಯೆಲ್ಲ ಅವರ ಹೆಗಲ ಮೇಲೆ 1969ರವರೆಗೆ ಇತ್ತು. 1964ರ ಪ್ರಬಂಧ, ಹರಳುಗಳ ಸಮಮಿತಿ ಮತ್ತು ಭೌತಗುಣಗಳನ್ನು ಕುರಿತ 1966ರ ಗ್ರಂಥ, ಕಾಲದ ತಿರುವನ್ನು ಒಳಗೊಂಡ ವ್ಯಾಪಕ ಸಮಮಿತಿಗೂ ನ್ಯೂಮನ್ ನಿಯಮಕ್ಕೂ ಇರುವ ಸಂಬಂಧವನ್ನು ಪಂತುಲು ಅವರೊಡನೆ ವಿಚಾರಿಸಿದ 1967ರ ಲೇಖನ, ಇವು ಮೂರೂ ಆ ಎಂಟು ವರ್ಷಗಳ ಒಳಗೇ ಬಂದವು. ಅಧಿಕಾರದ ಪೀಠವೇರಿದ ವಿದ್ವಾಂಸರು ತಮ್ಮ ವಿದ್ಯೆಯನ್ನು ಕಡತಗಳ ಅಡಿಯಲ್ಲಿ ಹೂತುಬಿಡುವುದು ನಮ್ಮ ದೇಶದಲ್ಲಿ ಅಪರೂಪವಲ್ಲ. ಭಗವಂತಂ ಅವರಿಗೂ ಅಧಿಕಾರ ನಷ್ಟವನ್ನು ತಾರದೆ ಇರಲಿಲ್ಲ; ವಾಲ್ಟೇರಿನ ಪ್ರಯೋಗಶಾಲೆಯಂಥ ಇನ್ನೊಂದನ್ನು ಅವರು ಕಟ್ಟಲಿಲ್ಲ. ಹರಳನ್ನು ಕೈಯಲ್ಲಿ ಹಿಡಿದು ಅಳೆಯುವುದಕ್ಕೆ ದಿನವಿಡೀ ಬೇಕು, ಕಾಗದದ ಮೇಲೆ ಎಣಿಸುವುದಕ್ಕೆ ಬಿಡುವಿನ ಗಳಿಗೆಗಳು ಸಾಕು. ಉಳಿದ ಗಳಿಗೆಗಳನ್ನು ಅವರು ವ್ಯರ್ಥಗೊಳಿಸಲಿಲ್ಲ. 1966ರ ಆ ಗ್ರಂಥವೂ ಮುಂದೆ 1970ರಲ್ಲಿ ರಷ್ಯನ್ ಭಾಷೆಯಲ್ಲಿ ಪ್ರಕಟವಾಯಿತು.

ಜೀವನದ ಉತ್ತರಾರ್ಧದಲ್ಲಿ ಅವರು ಶ್ರೀ ಸತ್ಯಸಾಯಿಬಾಬಾ ಅವರ ಅನುಯಾಯಿಗಳಾಗಿ, ಅವರ ತೆಲುಗು ಪ್ರವಚನಗಳನ್ನು ಸಭೆಗಳಲ್ಲಿ ಇಂಗ್ಲಿಷಿಗೆ ಅನುವಾದಿಸಿ ಹೇಳುತ್ತಿದ್ದರು. 1989ರಲ್ಲಿ, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ, ಕಾಲವಶರಾದರು. ರಾಮನ್ ಅವರ ಹೆಸರನ್ನು ಬಲ್ಲ ಕನ್ನಡ ನಾಡಿನಲ್ಲಿ ಐದು ವರ್ಷ ವಿಜ್ಞಾನ ಸಂಸ್ಥೆಯನ್ನು ನಡೆಸಿದ ಈ ಶಿಷ್ಯರ ಹೆಸರನ್ನು ಬಲ್ಲವರು ವಿರಳ. ಶಾಲೆಯ ಪಾಠದಲ್ಲಿ ಒಂದು ಪ್ಯಾರಾವಾದರೂ ಅವರಿಗೆ ಸಲ್ಲಬೇಕಾಗಿತ್ತು.

ಅವರ ಕಾಲಾನಂತರ ಈ ವಿಷಯಕ್ಕೆ ಹೊಸ ಜೀವ ಬಂದಿತು. ಬಿಸ್ಮತ್, ಕಬ್ಬಿಣ, ಆಮ್ಲಜನಕಗಳ ಹರಳಾದ ಬಿಸ್ಮತ್ ಫೆರೈಟ್ ಪ್ರತಿಫೆರೋಕಾಂತವೂ ಹೌದು, ತಾನಾಗಿ ವಿದ್ಯುದ್ಧ್ರುವಗಳನ್ನು ಪಡೆದದ್ದೂ ಹೌದು, ಅದೂ ಕೋಣೆಯ ಉಷ್ಣತೆಯಲ್ಲಿ. ಸಮಮಿತಿ ಅಲ್ಲಿ ಕಾಂತವಿದ್ಯುತ್ ಪರಿಣಾಮಕ್ಕೆ ಅವಕಾಶ ಕೊಡುತ್ತದೆ. ಆದರೂ ಬಹುಕಾಲ ಅದು ನೇರವಾಗಿ ಕಾಣಲಿಲ್ಲ. ಕಿರು ಅಯಸ್ಕಾಂತಗಳ ದಿಕ್ಕು ಪ್ರತಿ 62 ನ್ಯಾನೊಮೀಟರಿಗೆ ಒಂದು ಸುತ್ತು ಬರುವಂತೆ ಮೆಲ್ಲಮೆಲ್ಲನೆ ಹೊರಳುತ್ತ ಹೋಗುವುದರಿಂದ ಒಂದೆಡೆಯ ಪರಿಣಾಮವನ್ನು ಇನ್ನೊಂದೆಡೆಯದು ಅಳಿಸುತ್ತದೆ ಎಂಬುದು 1982ರಲ್ಲಿ ತಿಳಿದುಬಂತು. 2003ರಲ್ಲಿ ಇದರ ತೆಳುಪದರಗಳನ್ನು ಕುರಿತ ಸಂಶೋಧನೆ ಪ್ರಕಟವಾದ ಮೇಲೆ, ವಿದ್ಯುತ್ತಿನಿಂದ ಬರೆದು ಕಾಂತದಲ್ಲಿ ಉಳಿಸುವ, ಅಲ್ಪವ್ಯಯದ ಸ್ಮೃತಿಸಾಧನಗಳ ಆಸೆಯಿಂದ ಜಗತ್ತಿನ ನೂರಾರು ಪ್ರಯೋಗಶಾಲೆಗಳು ಕಬ್ಬಿಣದ ಇಂಥ ಸಂಯುಕ್ತಗಳತ್ತ ತಿರುಗಿದವು. ಹೊಸ ಹರಳೊಂದು ಕೈಗೆ ಬಂದಾಗ ಅದರ ಕಾಂತವರ್ಗ 122ರಲ್ಲಿ ಯಾವುದು, ಆ ವರ್ಗದ ಎದುರಿನಲ್ಲಿ ಸೊನ್ನೆಯಿದೆಯೋ ಅಂಕಿಯಿದೆಯೋ ಎಂದು ನೋಡುವುದೇ ಅಲ್ಲೆಲ್ಲ ಮೊದಲ ಕೆಲಸ. ವಿದ್ಯುತ್ ವಾಹನಗಳ ಬ್ಯಾಟರಿಗಳಲ್ಲಿ ಬಳಕೆಯಾಗುವ ಲಿಥಿಯಂ ಕಬ್ಬಿಣ ಫಾಸ್ಫೇಟ್ ಕೂಡ ಈ ಜಾತಿಯ ಹರಳೇ. ಸೊನ್ನೆಗಿಂತ 223 ಡಿಗ್ರಿಯಷ್ಟು ಕೆಳಗೆ ತಣಿಸಿದರೆ ಅದು ಪ್ರತಿಫೆರೋಕಾಂತವಾಗಿ, ಕಾಂತವಿದ್ಯುತ್ ಗುಣವನ್ನು ತೋರುತ್ತದೆ. ಕೋಷ್ಟಕ ಅಚ್ಚಾದದ್ದು 1964ರಲ್ಲಿ. ಆ ಹರಳಿನಲ್ಲಿ ಗುಣ ಅಳತೆಗೆ ಸಿಕ್ಕಿದ್ದು ಅದೇ ದಶಕ ಮುಗಿಯುವ ಮುನ್ನ.